ಕತ್ತಲಲ್ಲಿ ಸಣ್ಣ ವಿಮಾನ ಟ್ಯಾಕ್ಸಿ ಮಾಡುವುದು: ಪುಣೆ, ಮುಂಬೈ, ಗೋವಾ ಕಡೆ ಕಲಿಯುತ್ತಿರುವವರಿಗೆ ಹಂತ ಹಂತದ ಮಾರ್ಗದರ್ಶಿ

ಬೆಳಗಾವಿ, ಹುಬ್ಬಳ್ಳಿ, ಮಂಗಳೂರು ಕಡೆಯಿಂದ ಪೈಲಟ್ ಆಗಬೇಕೆಂದು ಮಹಾರಾಷ್ಟ್ರಕ್ಕೆ ಬಂದ ಹುಡುಗ ಹುಡುಗಿಯರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. "ಸರ್, ರಾತ್ರಿ ಹಾರೋದು ಪರವಾಗಿಲ್ಲ. ಟ್ಯಾಕ್ಸಿ ಮಾಡುವಾಗಲೇ ಗಾಬರಿ. ಎಲ್ಲಿ ನೋಡಿದರೂ ಬರೀ ದೀಪ. ನಾನೆಲ್ಲಿದ್ದೀನಿ ಅಂತಲೇ ಗೊತ್ತಾಗಲ್ಲ. ಏನು ಮಾಡ್ಲಿ?"

ಈ ಗಾಬರಿಗೆ ಕಾರಣ ಇದೆ. ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಅಂದರೆ ಸಿಪಿಎಲ್ ಸಿಗಬೇಕಾದರೆ ಕನಿಷ್ಠ 5 ಗಂಟೆ ರಾತ್ರಿ ಹಾರಾಟ ಬೇಕು. ಅದರಲ್ಲಿ 10 ಟೇಕಾಫ್, 10 ಲ್ಯಾಂಡಿಂಗ್ ನೀವೇ ಮಾಡಿರಬೇಕು. ಪಾಠವೆಲ್ಲ ಆ ಟೇಕಾಫ್, ಲ್ಯಾಂಡಿಂಗ್ ಬಗ್ಗೆಯೇ ನಡೆಯುತ್ತದೆ. ಟ್ಯಾಕ್ಸಿ, ಅಂದರೆ ವಿಮಾನ ತನ್ನದೇ ಎಂಜಿನ್ ಬಲದಲ್ಲಿ ನೆಲದ ಮೇಲೆ ಸಾಗುವುದು, ಅದರ ಬಗ್ಗೆ ಎರಡು ಮಾತು ಹೇಳಿ ಮುಗಿಸಿಬಿಡುತ್ತಾರೆ.

ಅನುಭವ ಇರುವವರೂ ಇಲ್ಲಿ ಎಡವುತ್ತಾರೆ. 2024ರ ಡಿಸೆಂಬರ್‌ನಲ್ಲಿ ಗೋವಾದ ಮೋಪಾದಲ್ಲಿ ಒಂದು ಪ್ರಯಾಣಿಕ ವಿಮಾನ ಟ್ಯಾಕ್ಸಿವೇಯನ್ನೇ, ಅಂದರೆ ರನ್‌ವೇಗೆ ಹೋಗಿ ಬರುವ ದಾರಿಯನ್ನೇ, ರನ್‌ವೇ ಎಂದುಕೊಂಡು ಟೇಕಾಫ್‌ಗೆ ಓಡತೊಡಗಿತ್ತು. ಎಟಿಸಿ, ಅಂದರೆ ವಿಮಾನ ಸಂಚಾರ ನಿಯಂತ್ರಣ ಕೇಂದ್ರ, ಗಮನಿಸಿ ನಿಲ್ಲಿಸಿತು. ಅದೇ ವರ್ಷ ಜನವರಿ 2ರ ಸಂಜೆ ಕತ್ತಲಲ್ಲಿ ಟೋಕಿಯೋದ ಹಾನೆಡಾದಲ್ಲಿ ಕರಾವಳಿ ಕಾವಲು ಪಡೆಯ ಸಣ್ಣ ವಿಮಾನವೊಂದು ಅನುಮತಿ ಸಿಕ್ಕಿದೆ ಎಂದು ತಿಳಿದು ರನ್‌ವೇಗೆ ಬಂದು ನಿಂತಿತು. ಸುಮಾರು 40 ಸೆಕೆಂಡ್ ಅಲ್ಲೇ ಇತ್ತು. ಹಿಂದಿನಿಂದ ಇಳಿದ ಜಪಾನ್ ಏರ್‌ಲೈನ್ಸ್ ವಿಮಾನ ಅದಕ್ಕೆ ಬಡಿಯಿತು. ದೊಡ್ಡ ವಿಮಾನದ 379 ಜನರೂ ಬದುಕಿದರು. ಸಣ್ಣದರಲ್ಲಿದ್ದ 6 ಜನರಲ್ಲಿ 5 ಜನ ತೀರಿಕೊಂಡರು.

ಆಕಾಶದಲ್ಲಿ ಸಂಶಯ ಬಂದರೆ ನಿಲ್ಲುವುದಕ್ಕೆ ಆಗುವುದಿಲ್ಲ. ನೆಲದ ಮೇಲೆ ಆಗುತ್ತದೆ. ಟ್ಯಾಕ್ಸಿಯಲ್ಲಿ ನಿಮಗಿರುವ ದೊಡ್ಡ ಅನುಕೂಲ ಇದೊಂದೇ. ಅದನ್ನು ಕೊನೆಯವರೆಗೂ ಕೈಯಲ್ಲಿ ಉಳಿಸಿಕೊಳ್ಳುವುದು ಹೇಗೆ ಎಂಬುದೇ ಈ ಲೇಖನ.

ಹಂತ 1: ದಾರಿಯನ್ನು ಹಗಲಲ್ಲೇ ಕಲಿಯಿರಿ

ಏರ್‌ಪೋರ್ಟ್ ನಕ್ಷೆ ಬೇಕು. ಏರ್‌ಪೋರ್ಟ್ಸ್ ಅಥಾರಿಟಿ ಪ್ರಕಟಿಸುವ ಎಐಪಿಯಲ್ಲಿ, ಅಂದರೆ ವಿಮಾನ ನಿಲ್ದಾಣಗಳ ಅಧಿಕೃತ ಮಾಹಿತಿ ಕೈಪಿಡಿಯಲ್ಲಿ, ಅದು ಆನ್‌ಲೈನ್‌ನಲ್ಲೇ ಸಿಗುತ್ತದೆ. ನಕ್ಷೆಯಲ್ಲಿ ಹಾಟ್‌ಸ್ಪಾಟ್ ಗುರುತು ಇದ್ದರೆ ಅಲ್ಲಿ ಜಾಸ್ತಿ ಗಮನ ಕೊಡಿ. ಹಾಟ್‌ಸ್ಪಾಟ್ ಎಂದರೆ ಹಿಂದೆ ಡಿಕ್ಕಿಯೋ ತಪ್ಪು ಪ್ರವೇಶವೋ ಆಗಿರುವ, ಅಥವಾ ಆಗುವ ಸಾಧ್ಯತೆ ಇರುವ ಜಾಗ.

ನೀವು ನಿಲ್ಲಿಸಿದ ಜಾಗದಿಂದ ರನ್‌ವೇವರೆಗೆ ಬೆರಳಿಟ್ಟು ಹೋಗಿ. ಎಲ್ಲಿ ಎಡ, ಎಲ್ಲಿ ಬಲ, ಎಲ್ಲಿ ನಿಲ್ಲಬೇಕು ಎಂದು ತೊಡೆಯ ಮೇಲಿನ ನೀಬೋರ್ಡ್ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದುಕೊಳ್ಳಿ. ಅದೇ ದಿನ ಬೆಳಕಿರುವಾಗ ಒಮ್ಮೆ ಆ ದಾರಿಯಲ್ಲಿ ಟ್ಯಾಕ್ಸಿ ಮಾಡಲು ಅವಕಾಶ ಸಿಕ್ಕರೆ ಬಿಡಬೇಡಿ. ತಿರುವಿನ ಪಕ್ಕದಲ್ಲಿ ಚರಂಡಿ ಇದೆಯಾ, ಡಾಂಬರು ಎಲ್ಲಿ ಮುಗಿದು ಮಣ್ಣು ಶುರುವಾಗುತ್ತದೆ, ಇಂಥವನ್ನು ನಕ್ಷೆ ಹೇಳುವುದಿಲ್ಲ.

ನೋಟಾಮ್ ಓದಿ. ಪೈಲಟ್‌ಗಳಿಗೆ ಬರುವ ತಾತ್ಕಾಲಿಕ ಸೂಚನೆ ಅದು. ಯಾವ ಟ್ಯಾಕ್ಸಿವೇ ಮುಚ್ಚಿದೆ, ಯಾವ ದೀಪ ಕೆಟ್ಟಿದೆ ಎಂಬುದು ಅದರಲ್ಲಿರುತ್ತದೆ. ಹಾನೆಡಾದಲ್ಲಿ ಆ ದಿನ ಸ್ಟಾಪ್ ಬಾರ್, ಅಂದರೆ ರನ್‌ವೇಗೆ ಮುಂಚೆ ನಿಲ್ಲಿ ಎನ್ನುವ ಕೆಂಪು ದೀಪಗಳು ದುರಸ್ತಿಗಾಗಿ ಬಂದ್ ಆಗಿದ್ದವು.

ನಮ್ಮ ಕಡೆಯ ಒಂದು ವಿಶೇಷ ನೆನಪಿಡಿ. ಪುಣೆಯ ಲೋಹೆಗಾಂವ್ ವಾಯುಪಡೆಯ ನೆಲೆ. ಗೋವಾದ ದಾಬೋಳಿ ನೌಕಾಪಡೆಯ ಐಎನ್‌ಎಸ್ ಹಂಸ. ಎರಡೂ ಕಡೆ ರನ್‌ವೇ ಒಂದೇ, ಬಳಸುವವರು ಇಬ್ಬರು. ಇಲ್ಲಿ ಒಂದು ತಿರುವು ತಪ್ಪಿದರೆ ಸೇನೆಯ ಜಾಗಕ್ಕೇ ನುಗ್ಗಿದ ಹಾಗೆ.

ಹಂತ 2: ಕಣ್ಣು ಮತ್ತು ಗಾಜು

ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಸುಮಾರು 30 ನಿಮಿಷ ಬೇಕು. ಅದು ಕೆಡಲು ಒಂದು ಕ್ಷಣ ಸಾಕು. ವಿಮಾನಕ್ಕೆ ನಡೆದು ಹೋಗುವಾಗ ಫೋನ್ ನೋಡುತ್ತಾ ಹೋದರೆ ಮುಗಿಯಿತು. ಫೋನ್ ಆಫ್ ಮಾಡಿ ಚೀಲಕ್ಕೆ ಹಾಕಿ.

ಎರಡು ಟಾರ್ಚ್ ಇಟ್ಟುಕೊಳ್ಳಿ. ವಿಮಾನದ ಸುತ್ತ ತಪಾಸಣೆಗೆ ಬಿಳಿ ಬೆಳಕಿನದು, ಕಾಕ್‌ಪಿಟ್ ಒಳಗೆ ಮಂದ ಬೆಳಕಿನದು. ಕೆಂಪು ಬೆಳಕಿನದಾದರೆ ಒಂದು ಎಚ್ಚರಿಕೆ: ನಕ್ಷೆಯ ಕೆಂಪು ಗೆರೆಗಳು ಅದರಲ್ಲಿ ಮಾಯವಾಗುತ್ತವೆ.

ಮುಂದಿನ ಗಾಜನ್ನು ಒಳಗೂ ಹೊರಗೂ ಒರೆಸಿ. ಹಗಲಲ್ಲಿ ಕಾಣದ ಗೀರು, ಸತ್ತ ಹುಳು, ಕರಾವಳಿಯ ಉಪ್ಪಿನ ಪೊರೆ, ಇವೆಲ್ಲ ರಾತ್ರಿ ಎದುರಿನ ದೀಪವನ್ನು ಚದುರಿಸುತ್ತವೆ. ಗೋವಾದಲ್ಲಿ ಬೆಳಗಿನ ಜಾವ ಇಬ್ಬನಿ ಬೀಳುತ್ತದೆ. ಮಳೆಗಾಲದಲ್ಲಿ ಎಂಜಿನ್ ಶುರುವಾಗುವ ಮೊದಲೇ ಒಳಗಡೆ ಆವಿ ಹಿಡಿಯುತ್ತದೆ. ಮಬ್ಬಾದ ಗಾಜಿನ ಹಿಂದೆ ಕೂತು "ಹೋಗ್ತಾ ಹೋಗ್ತಾ ಸರಿಹೋಗುತ್ತೆ" ಎಂದು ಹೊರಡಲೇಬೇಡಿ. ಕಾಣಿಸುವವರೆಗೆ ಕಾಯಿರಿ.

ಆಪ್ರಾನ್, ಅಂದರೆ ವಿಮಾನಗಳನ್ನು ನಿಲ್ಲಿಸುವ ಅಂಗಳ, ಅಲ್ಲಿ ಎತ್ತರದ ಕಂಬಗಳಿಂದ ಭಾರಿ ಬೆಳಕು ಬೀಳುತ್ತಿರುತ್ತದೆ. ಅಲ್ಲಿಂದ ಟ್ಯಾಕ್ಸಿವೇಗೆ ಕಾಲಿಟ್ಟ ಕೂಡಲೇ ಮುಂದೆ ಏನೂ ಕಾಣುವುದಿಲ್ಲ. ಹೊಸಬರು ಹೆಚ್ಚಾಗಿ ದಾರಿ ತಪ್ಪುವುದು ಈ ಗಡಿಯಲ್ಲೇ. ದಾಟುವ ಮುಂಚೆ ಪ್ಯಾನೆಲ್ ದೀಪ ತಗ್ಗಿಸಿ, ವೇಗ ತೀರಾ ಇಳಿಸಿ. ಬೇಕಾದರೆ ನಿಂತು ಕಣ್ಣಿಗೆ ಸಮಯ ಕೊಡಿ.

ಹಂತ 3: ವಿಮಾನದ ದೀಪಗಳು

ಹೊರಡುವ ಮೊದಲು ಎಲ್ಲವನ್ನೂ ಹಾಕಿ, ಕೆಳಗಿಳಿದು ಕಣ್ಣಾರೆ ನೋಡಿ. ಎಡ ರೆಕ್ಕೆಯ ತುದಿಯಲ್ಲಿ ಕೆಂಪು, ಬಲಕ್ಕೆ ಹಸಿರು, ಬಾಲದಲ್ಲಿ ಬಿಳಿ. ಇವು ನ್ಯಾವಿಗೇಶನ್ ದೀಪಗಳು. ಮಿನುಗುವ ಕೆಂಪು ದೀಪ ಬೀಕನ್. ರೆಕ್ಕೆಯ ತುದಿಯಲ್ಲಿ ಚಕ್ ಚಕ್ ಎಂದು ಹೊಳೆಯುವ ಬಿಳಿ ದೀಪ ಸ್ಟ್ರೋಬ್. ಮುಂದೆ ಟ್ಯಾಕ್ಸಿ ದೀಪ, ಲ್ಯಾಂಡಿಂಗ್ ದೀಪ.

ಇವುಗಳಿಂದ ಬೇರೆ ವಿಮಾನ ಯಾವ ಕಡೆ ಹೋಗುತ್ತಿದೆ ಎಂದೂ ಓದಬಹುದು. ಕೆಂಪು ಮಾತ್ರ ಕಂಡರೆ ಅದರ ಎಡಬದಿ ನಿಮಗೆ ಕಾಣುತ್ತಿದೆ, ಅದು ನಿಮ್ಮ ಬಲದಿಂದ ಎಡಕ್ಕೆ ಹೋಗುತ್ತಿದೆ. ಹಸಿರು ಮಾತ್ರ ಕಂಡರೆ ಉಲ್ಟಾ. ಎರಡೂ ಒಟ್ಟಿಗೆ ಕಂಡರೆ ಅದರ ಮೂತಿ ನಿಮ್ಮ ಕಡೆಗೇ ಇದೆ.

ಯಾವುದು ಯಾವಾಗ? ನ್ಯಾವಿಗೇಶನ್ ದೀಪ ರಾತ್ರಿ ಯಾವಾಗಲೂ ಆನ್. ಬೀಕನ್ ಎಂಜಿನ್ ಶುರುವಿಗೆ ಮುಂಚೆ ಆನ್, ನಿಂತ ಮೇಲೆ ಆಫ್. ಟ್ಯಾಕ್ಸಿ ದೀಪ ಚಲಿಸುವಾಗ ಆನ್. ನೀವು ನಿಂತು ಇನ್ನೊಬ್ಬರಿಗೆ ದಾರಿ ಬಿಡುತ್ತಿದ್ದರೆ, ಅವರ ಕಣ್ಣಿಗೆ ಹೊಡೆಯುತ್ತಿದ್ದರೆ ಆರಿಸಿ. ಸ್ಟ್ರೋಬ್ ಟ್ಯಾಕ್ಸಿಯಲ್ಲಿ ಬೇಡ, ಪಕ್ಕದವರ ಕಣ್ಣು ಕುರುಡಾಗುತ್ತದೆ. ರನ್‌ವೇ ಪ್ರವೇಶಿಸುವಾಗ ಹಾಕಿ.

ಹಳೆಯ ತರಬೇತಿ ವಿಮಾನಗಳಲ್ಲಿ ಎಲ್ಲ ದೀಪ ಹಾಕಿ ಎಂಜಿನ್ ತೀರಾ ನಿಧಾನ ಓಡಿಸಿದರೆ ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರ್‌ಗೆ ಹೊರೆ ತೂಗಲಾಗದೆ ಬ್ಯಾಟರಿ ಇಳಿಯುತ್ತದೆ. ವಿದ್ಯುತ್ ಅಳೆಯುವ ಆಮೀಟರ್ ಮೇಲೆ ಒಂದು ಕಣ್ಣಿರಲಿ.

ಹಂತ 4: ಎಂಜಿನ್ ಶುರು, ಮೊದಲ ಚಲನೆ

ತಿರುಗುವ ಪ್ರೊಪೆಲರ್ ರಾತ್ರಿ ಕಾಣುವುದೇ ಇಲ್ಲ. ಬೀಕನ್ ಹಾಕಿ, ಕಿಟಕಿ ತೆರೆದು "ಕ್ಲಿಯರ್ ಪ್ರಾಪ್" ಎಂದು ಜೋರಾಗಿ ಕೂಗಿ, ಸ್ವಲ್ಪ ಹೊತ್ತು ಕಾಯಿರಿ. ಕೂಗಿದ ಕೂಡಲೇ ಕೀ ತಿರುಗಿಸಿದರೆ ಕೂಗಿಯೂ ಪ್ರಯೋಜನವಿಲ್ಲ. ಎಂಜಿನ್ ಓಡುತ್ತಿರುವಾಗ ಯಾರನ್ನೂ ಹತ್ತಿಸಬೇಡಿ, ಇಳಿಸಬೇಡಿ.

ಚಾಕ್, ಅಂದರೆ ಚಕ್ರಕ್ಕೆ ಕೊಡುವ ಅಡೆ, ತೆಗೆದದ್ದನ್ನು ನೀವೇ ನೋಡಿರಬೇಕು. ಹೊರಟ ತಕ್ಷಣ ಬ್ರೇಕ್ ಪರೀಕ್ಷಿಸಿ.

ವೇಗದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹಗಲಲ್ಲಿ ಪಕ್ಕದ ಹುಲ್ಲು, ಕಂಬ, ಗೆರೆ ಹಿಂದಕ್ಕೆ ಸರಿಯುವುದನ್ನು ನೋಡಿ ವೇಗ ಗೊತ್ತಾಗುತ್ತದೆ. ರಾತ್ರಿ ಆ ಅಂಚಿನ ನೋಟ ಇರುವುದಿಲ್ಲ. ಹಾಗಾಗಿ ನಿಧಾನ ಹೋಗುತ್ತಿದ್ದೇವೆ ಎಂದೇ ಅನಿಸುತ್ತದೆ, ಆದರೆ ವಿಮಾನ ಓಡುತ್ತಿರುತ್ತದೆ. ಜಿಪಿಎಸ್‌ನಲ್ಲಿ ನೆಲದ ವೇಗ ಕಾಣುತ್ತಿದ್ದರೆ ಆಗಾಗ ಒಂದು ನೋಟ ಹರಿಸಿ. ನಿಮ್ಮ ಟ್ಯಾಕ್ಸಿ ದೀಪ ಎಷ್ಟು ದೂರ ತೋರಿಸುತ್ತದೋ ಅದರೊಳಗೆ ನಿಲ್ಲಲು ಆಗಬೇಕು. ನೇರ ದಾರಿಯಲ್ಲಿ ಬಿರುಸಾಗಿ ನಡೆಯುವ ಮನುಷ್ಯನ ವೇಗ ಸಾಕು. ತಿರುವಿನಲ್ಲಿ ಅದಕ್ಕಿಂತ ಕಡಿಮೆ. ಯಾಕೆಂದರೆ ದೀಪ ನೇರ ನೋಡುತ್ತಿರುತ್ತದೆ, ನೀವು ತಿರುಗುತ್ತಿರುವ ಒಳಬದಿ ಕತ್ತಲಲ್ಲೇ ಇರುತ್ತದೆ. ವೇಗ ಇಳಿಸಲು ಮೊದಲು ಥ್ರಾಟಲ್, ಅಂದರೆ ಎಂಜಿನ್ ಶಕ್ತಿ ಹೆಚ್ಚು ಕಡಿಮೆ ಮಾಡುವ ಹಿಡಿಕೆ, ಹಿಂದೆ ತನ್ನಿ, ಆಮೇಲೆ ಬ್ರೇಕ್.

ರೆಕ್ಕೆಯ ತುದಿ ಮರೆಯಬೇಡಿ. ಸೆಸ್ನಾ 172ರ ರೆಕ್ಕೆ ಈ ತುದಿಯಿಂದ ಆ ತುದಿಗೆ ಸುಮಾರು 11 ಮೀಟರ್. ನಿಲ್ಲಿಸಿದ ವಿಮಾನದ ಬಾಲ, ಇಂಧನ ಟ್ಯಾಂಕರ್, ಏಣಿ, ಯಾವುದಕ್ಕೂ ದೀಪ ಇರುವುದಿಲ್ಲ. ಜಾಗ ಸಾಕೋ ಇಲ್ಲವೋ ಎಂದು ಲೆಕ್ಕ ಹಾಕುವ ಪರಿಸ್ಥಿತಿ ಬಂದರೆ ನಿಂತು, ನೆಲದ ಸಿಬ್ಬಂದಿಯನ್ನು ರೆಕ್ಕೆಯ ಪಕ್ಕ ನಡೆಯಲು ಕರೆಯಿರಿ.

ದೊಡ್ಡ ಜೆಟ್ ಹಿಂದೆ ಹೋಗಬೇಕಾಗಿ ಬಂದರೆ ಅದರ ಬೀಕನ್ ನೋಡಿ. ಮಿನುಗುತ್ತಿದೆ ಎಂದರೆ ಎಂಜಿನ್ ಓಡುತ್ತಿದೆ, ಇಲ್ಲವೇ ಈಗ ಶುರುವಾಗುತ್ತದೆ. ಅದರ ಹಿಂದಿನ ಗಾಳಿ ಸಣ್ಣ ವಿಮಾನವನ್ನು ಮಗುಚಿ ಹಾಕಬಲ್ಲದು. ದೂರ ನಿಂತು, ಅದು ಹೋದಮೇಲೆ ಹೋಗಿ.

ಹಂತ 5: ನೆಲದ ದೀಪ ಮತ್ತು ಫಲಕ ಓದುವುದು

ಇದನ್ನು ಬಾಯಿಪಾಠ ಮಾಡಿ. ಅರ್ಧ ಗಾಬರಿ ಇಲ್ಲೇ ಕಡಿಮೆಯಾಗುತ್ತದೆ.

ನೀಲಿ: ಟ್ಯಾಕ್ಸಿವೇ ಅಂಚು.
ಹಸಿರು, ನೆಲದ ಮಧ್ಯದಲ್ಲಿ: ಟ್ಯಾಕ್ಸಿವೇ ನಡುಗೆರೆ.
ಬಿಳಿ: ರನ್‌ವೇ ಅಂಚು.
ಹಳದಿ, ಎರಡೆರಡಾಗಿ ಒಂದರ ನಂತರ ಒಂದು ಮಿನುಗುವುದು: ರನ್‌ವೇ ಗಾರ್ಡ್ ದೀಪ, ಮುಂದೆ ರನ್‌ವೇ ಇದೆ ಎಂದರ್ಥ.
ಕೆಂಪು, ದಾರಿಗೆ ಅಡ್ಡ ಸಾಲಾಗಿ: ಸ್ಟಾಪ್ ಬಾರ್. ಉರಿಯುತ್ತಿದ್ದರೆ ದಾಟುವಂತಿಲ್ಲ. ರೇಡಿಯೋದಲ್ಲಿ ಅನುಮತಿ ಬಂದರೂ ಕೆಂಪು ಉರಿಯುತ್ತಿದ್ದರೆ ನಿಂತು, "ಸ್ಟಾಪ್ ಬಾರ್ ಆನ್ ಇದೆ" ಎಂದು ಕೇಳಿ.

ಫಲಕಗಳು ಮೂರು ಬಗೆ. ಕಪ್ಪು ಹಿನ್ನೆಲೆಯಲ್ಲಿ ಹಳದಿ ಅಕ್ಷರ ಇದ್ದರೆ ನೀವು ಈಗ ಎಲ್ಲಿದ್ದೀರಿ ಎಂದು ಹೇಳುತ್ತದೆ. ಹಳದಿ ಹಿನ್ನೆಲೆಯಲ್ಲಿ ಕಪ್ಪು ಅಕ್ಷರ ಇದ್ದರೆ ಮುಂದಿನ ದಾರಿ. ಕೆಂಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಇದ್ದರೆ ಅನುಮತಿ ಇಲ್ಲದೆ ಮುಂದೆ ಹೋಗಬಾರದು.

ಸಾಮಾನ್ಯವಾಗಿ ಆಗುವ ತೊಂದರೆ ನೀಲಿ ದೀಪಗಳದು. ಸಣ್ಣ ವಿಮಾನದಲ್ಲಿ ಕೂತವರ ಕಣ್ಣು ನೆಲಕ್ಕೆ ಹತ್ತಿರ. ಮೇಲಿಂದ ನೋಡಿದರೆ ಬೇರೆ ಬೇರೆ ಎನಿಸುವ ನಾಲ್ಕು ಟ್ಯಾಕ್ಸಿವೇಗಳ ನೀಲಿ ದೀಪಗಳು ನಮಗೆ ಒಂದರ ಹಿಂದೊಂದು ಬೆರೆತು, ದಾರಿ ಯಾವುದು ಹುಲ್ಲು ಯಾವುದು ತಿಳಿಯುವುದಿಲ್ಲ. ಆಗ ದೂರದ ದೀಪ ಬಿಟ್ಟು, ನಿಮ್ಮ ಟ್ಯಾಕ್ಸಿ ದೀಪದ ಬೆಳಕಲ್ಲಿ ಕಾಣುವ ಹಳದಿ ನಡುಗೆರೆ ಹಿಡಿಯಿರಿ. ಮೂತಿಯ ಚಕ್ರ ಅದರ ಮೇಲೆ ಇರಲಿ. ಗೆರೆ ಕಾಣಲಿಲ್ಲವೇ, ನಿಲ್ಲಿ. ಮಳೆ ಬಂದ ರಾತ್ರಿ ಒದ್ದೆ ಡಾಂಬರಿನಲ್ಲಿ ದೀಪದ ಪ್ರತಿಬಿಂಬ ಹರಡಿ ಗೆರೆಯೇ ಮುಚ್ಚಿಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಭಾಗದಲ್ಲಿ ಇದು ಮಾಮೂಲಿ.

ಎರಡನೇ ಸಾಧನ ಹೆಡಿಂಗ್ ಇಂಡಿಕೇಟರ್, ದಿಕ್ಕು ತೋರಿಸುವ ಉಪಕರಣ. ನಕ್ಷೆಯ ಪ್ರಕಾರ ಈ ಟ್ಯಾಕ್ಸಿವೇ ಪಶ್ಚಿಮಕ್ಕೆ ಹೋಗಬೇಕು, ಉಪಕರಣ ಉತ್ತರ ತೋರಿಸುತ್ತಿದೆ ಎಂದರೆ ಎಲ್ಲೋ ತಪ್ಪಾಗಿದೆ. ಪ್ರತಿ ತಿರುವಿನ ನಂತರ ಇದನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. ಕಣ್ಣು ಮೋಸ ಹೋಗುವ ಜಾಗದಲ್ಲಿ ಇದು ಕೈಹಿಡಿಯುತ್ತದೆ.

ಕೆಲವು ಸಣ್ಣ ಏರ್‌ಫೀಲ್ಡ್‌ಗಳಲ್ಲಿ ಟ್ಯಾಕ್ಸಿವೇಗೆ ದೀಪವೇ ಇರುವುದಿಲ್ಲ, ಬೆಳಕು ಬಿದ್ದಾಗ ಹೊಳೆಯುವ ನೀಲಿ ಗುರುತುಗಳಷ್ಟೇ. ಅಂಥಲ್ಲಿ ಟ್ಯಾಕ್ಸಿ ದೀಪ ಕೆಟ್ಟಿದ್ದರೆ ಆ ರಾತ್ರಿ ಹೊರಡಬೇಡಿ.

ನಾಯಿ, ನರಿ, ವಾಹನಗಳ ಮೇಲೂ ಗಮನ ಇರಲಿ. 2023ರ ನವೆಂಬರ್‌ನಲ್ಲಿ ದಾಬೋಳಿಯ ರನ್‌ವೇ ಮೇಲೆ ನಾಯಿ ಇದ್ದುದರಿಂದ ಬೆಂಗಳೂರಿನಿಂದ ಹೊರಟ ವಿಮಾನ ವಾಪಸ್ ಬೆಂಗಳೂರಿಗೇ ಹೋಗಬೇಕಾಯಿತು. 2020ರ ಫೆಬ್ರವರಿಯಲ್ಲಿ ಪುಣೆಯಲ್ಲಿ ಟೇಕಾಫ್‌ಗೆ ಓಡುತ್ತಿದ್ದ ವಿಮಾನದ ಮುಂದೆ ಜೀಪ್ ಕಂಡು, ಪೈಲಟ್ ಅವಧಿಗೆ ಮುಂಚೆಯೇ ಅದನ್ನು ಎತ್ತಬೇಕಾಯಿತು. ಅದು ಹಗಲಲ್ಲಿ ಆದದ್ದು.

ಹಂತ 6: ರೇಡಿಯೋ

ಎಟಿಸಿ ಕೊಟ್ಟ ಟ್ಯಾಕ್ಸಿ ದಾರಿಯನ್ನು ಬರೆದುಕೊಳ್ಳಿ, ಆಮೇಲೆ ಓದಿ ಹೇಳಿ. ರನ್‌ವೇಗೆ ಸಂಬಂಧಿಸಿದ ಪ್ರತಿ ಸೂಚನೆಯನ್ನೂ ಪೂರ್ತಿಯಾಗಿ ಮರಳಿ ಹೇಳಲೇಬೇಕು: ಹೋಲ್ಡ್ ಶಾರ್ಟ್, ಕ್ರಾಸ್ (ದಾಟಿ), ಲೈನ್ ಅಪ್ (ರನ್‌ವೇಗೆ ಬಂದು ನೇರವಾಗಿ ನಿಲ್ಲಿ), ಬ್ಯಾಕ್‌ಟ್ರ್ಯಾಕ್ (ರನ್‌ವೇ ಮೇಲೆ ವಿರುದ್ಧ ದಿಕ್ಕಿಗೆ ಟ್ಯಾಕ್ಸಿ ಮಾಡಿ). "ಹೋಲ್ಡ್ ಶಾರ್ಟ್ ಆಫ್ ರನ್‌ವೇ 28" ಎಂದರೆ ರನ್‌ವೇ 28ರ ಈಚೆಗೇ ನಿಲ್ಲಿ ಎಂದು. ಇದಕ್ಕೆ ಬರೀ "ರೋಜರ್", ಅಂದರೆ ಕೇಳಿಸಿತು, ಅನ್ನುವುದು ತಪ್ಪು ಅಭ್ಯಾಸ, ಇವತ್ತೇ ಬಿಡಿ.

ಹೋಲ್ಡಿಂಗ್ ಪಾಯಿಂಟ್, ಅಂದರೆ ರನ್‌ವೇಗೆ ಮುಂಚೆ ನಿಲ್ಲುವ ಜಾಗ, ಅಲ್ಲಿವರೆಗೆ ಟ್ಯಾಕ್ಸಿ ಮಾಡಿ ಎಂದರೆ ಅಲ್ಲಿವರೆಗೆ ಮಾತ್ರ. ದಾರಿಯಲ್ಲಿ ಬೇರೆ ರನ್‌ವೇ ಅಡ್ಡ ಬಂದರೆ ಅದನ್ನು ದಾಟಲು ಪ್ರತ್ಯೇಕ ಅನುಮತಿ ಬೇಕು. ಮುಂಬೈಯಲ್ಲಿ 09/27 ಮತ್ತು 14/32 ಎಂಬ ಎರಡು ರನ್‌ವೇಗಳು ಒಂದನ್ನೊಂದು ಕತ್ತರಿಸುತ್ತವೆ. ಅಂಥ ಜಾಗದಲ್ಲಿ ಯಾವ ರನ್‌ವೇ ಬಗ್ಗೆ ಹೇಳಿದರು ಎಂಬುದೇ ಮುಖ್ಯ.

"ನೀವು ನಂಬರ್ ಒನ್" ಎಂದರೆ ಸರದಿಯಲ್ಲಿ ಮೊದಲು ಎಂದಷ್ಟೇ. ರನ್‌ವೇಗೆ ಬನ್ನಿ ಎಂದಲ್ಲ. ಹಾನೆಡಾದಲ್ಲಿ ಕಂಟ್ರೋಲರ್ ಹೇಳಿದ್ದೂ ನಂಬರ್ ಒನ್ ಎಂದು, ಜೊತೆಗೆ ಹೋಲ್ಡಿಂಗ್ ಪಾಯಿಂಟ್‌ಗೆ ಟ್ಯಾಕ್ಸಿ ಮಾಡಿ ಎಂದು. 1977ರಲ್ಲಿ ಸ್ಪೇನಿನ ಟೆನೆರಿಫ್ ದ್ವೀಪದಲ್ಲಿ 583 ಜನ ಸತ್ತ ಅಪಘಾತದ ಹಿಂದೆಯೂ ಇಂಥದೇ ತಪ್ಪು ತಿಳಿವಳಿಕೆ ಇತ್ತು. ಅಂದಿನಿಂದ ಟೇಕಾಫ್ ಎಂಬ ಪದವನ್ನು ಟೇಕಾಫ್ ಅನುಮತಿ ಕೊಡುವಾಗ, ಇಲ್ಲವೇ ಅದನ್ನು ರದ್ದು ಮಾಡುವಾಗ ಮಾತ್ರ ಬಳಸುತ್ತಾರೆ. ಆ ಪದ ಕೇಳಿಸದಿದ್ದರೆ ಥ್ರಾಟಲ್ ಮುಂದೆ ಹೋಗಬಾರದು.

ಜೊತೆಗಿರುವವರು ನಮ್ಮ ಊರ ಕಡೆಯವರಾದರೆ ಕನ್ನಡದಲ್ಲಿ ಮಾತಿಗೆ ಇಳಿಯುವುದು ಸಹಜ, ಅಲ್ವಾ? ಚಕ್ರ ಉರುಳುತ್ತಿರುವಾಗ ಟ್ಯಾಕ್ಸಿ ಬಿಟ್ಟು ಬೇರೆ ಮಾತು ಬೇಡ. "ಬಲಕ್ಕೆ ಯಾರೂ ಇಲ್ಲ", "ಮುಂದಿನದು ನಮ್ಮ ತಿರುವು" ಎಂಬ ಮಾತು ಕನ್ನಡದಲ್ಲೇ ಇರಲಿ, ಒಳ್ಳೆಯದು. ರೇಡಿಯೋದಲ್ಲಿ ಮಾತ್ರ ನಿಗದಿತ ಪದಗಳೇ.

ಹಂತ 7: ರನ್-ಅಪ್ ಮತ್ತು ನಿಲ್ಲುವ ಗೆರೆ

ರನ್-ಅಪ್ ಎಂದರೆ ಟೇಕಾಫ್‌ಗೆ ಮುಂಚೆ ಎಂಜಿನ್ ವೇಗ ಏರಿಸಿ ಮಾಡುವ ಪರೀಕ್ಷೆ. ಆಗ ತಲೆ ಒಳಗಿರುತ್ತದೆ, ವಿಮಾನ ಬ್ರೇಕ್ ಮೀರಿ ಮೆಲ್ಲಗೆ ಜರುಗಿದರೆ ರಾತ್ರಿ ಗೊತ್ತೇ ಆಗುವುದಿಲ್ಲ. ಹೊರಗಿನ ಎರಡು ದೀಪಗಳನ್ನು ಗುರುತಿಟ್ಟುಕೊಂಡು ಪ್ರತಿ ಕೆಲಸದ ನಡುವೆ ತಲೆ ಎತ್ತಿ ಅವನ್ನು ನೋಡಿ. ಪಾರ್ಕಿಂಗ್ ಬ್ರೇಕ್ ನಂಬಿ ಕಾಲು ತೆಗೆಯಬೇಡಿ. ಚಲಿಸುತ್ತಾ ಚೆಕ್‌ಲಿಸ್ಟ್ ಓದುವುದೂ ಬೇಡ.

ರನ್‌ವೇ ಮುಂಚಿನ ಗುರುತು ನಾಲ್ಕು ಹಳದಿ ಗೆರೆ: ಎರಡು ಅಖಂಡ, ಎರಡು ತುಂಡು ತುಂಡು. ಅಖಂಡ ಗೆರೆ ನಿಮ್ಮ ಕಡೆಗಿದ್ದರೆ ಅನುಮತಿ ಇಲ್ಲದೆ ದಾಟಬಾರದು. ತುಂಡು ಗೆರೆ ನಿಮ್ಮ ಕಡೆಗಿದ್ದರೆ ನೀವು ರನ್‌ವೇಯಿಂದ ಹೊರಬರುತ್ತಿದ್ದೀರಿ, ದಾಟಿ ಹೋಗಿ.

ಹಂತ 8: ರನ್‌ವೇ ಪ್ರವೇಶ

ಅನುಮತಿ ಬಂದ ಮೇಲೂ ಇಳಿಯುವ ದಾರಿಯ ಕಡೆ, ಆಮೇಲೆ ಇನ್ನೊಂದು ತುದಿಯ ಕಡೆ ನೋಡಿ. ಎಟಿಸಿ ಟವರ್ ಇಲ್ಲದ ಏರ್‌ಫೀಲ್ಡ್ ಆದರೆ ರೇಡಿಯೋದಲ್ಲಿ ಹೇಳಿ, ನೋಡಿ, ಮತ್ತೆ ಹೇಳಿ.

ದೀಪಗಳನ್ನೆಲ್ಲ ಹಾಕಿ. ಅಂಚಿನ ದೀಪ ಬಿಳಿಯಾ? ನೆಲದ ಮೇಲೆ ರನ್‌ವೇ ಸಂಖ್ಯೆ ಇದೆಯಾ? ಹೆಡಿಂಗ್ ಸಂಖ್ಯೆಗೆ ಹೊಂದುತ್ತದಾ? ಪುಣೆಯ ರನ್‌ವೇ 10 ಆದರೆ ಸುಮಾರು 100 ಡಿಗ್ರಿ, ಮುಂಬೈಯ 27 ಆದರೆ ಸುಮಾರು 270. ಮೂರಕ್ಕೂ ಹೌದು ಎಂದು ಬಾಯಿಬಿಟ್ಟು ಹೇಳಿ. ಸಮಾನಾಂತರ ಟ್ಯಾಕ್ಸಿವೇಯಲ್ಲಿ ಹೆಡಿಂಗ್ ಕೂಡ ಒಂದೇ ಬರುತ್ತದೆ, ಆದ್ದರಿಂದ ದೀಪದ ಬಣ್ಣ ಮತ್ತು ಸಂಖ್ಯೆ ಬಿಟ್ಟು ಬರೀ ಹೆಡಿಂಗ್ ನಂಬಿದರೆ ಆಗದು.

"ಲೈನ್ ಅಪ್ ಅಂಡ್ ವೇಟ್" ಎಂದು ರನ್‌ವೇ ಮೇಲೆ ಕಾಯಬೇಕಾದರೆ ನಡುಗೆರೆಗಿಂತ ಸ್ವಲ್ಪ, ಸುಮಾರು ಒಂದು ಮೀಟರ್, ಪಕ್ಕಕ್ಕೆ ನಿಲ್ಲಿ. ನಿಮ್ಮ ಬಾಲದ ಬಿಳಿ ದೀಪ ರನ್‌ವೇ ದೀಪಗಳ ಸಾಲಲ್ಲಿ ಕರಗಿಹೋಗಬಾರದು. 1991ರ ಫೆಬ್ರವರಿ 1ರ ರಾತ್ರಿ ಲಾಸ್ ಏಂಜಲೀಸ್‌ನಲ್ಲಿ ರನ್‌ವೇ ಮೇಲೆ ಹೀಗೆ ಕಾಯುತ್ತಿದ್ದ ಮೆಟ್ರೋಲೈನರ್ ಎಂಬ ಸಣ್ಣ ವಿಮಾನದ ಮೇಲೆ ಬೋಯಿಂಗ್ 737 ಇಳಿದುಬಿಟ್ಟಿತು. ಕಂಟ್ರೋಲರ್ ಇಬ್ಬರಿಗೂ ಅದೇ ರನ್‌ವೇ ಕೊಟ್ಟಿದ್ದರು, ಇಳಿಯುವವರಿಗೆ ಮುಂದಿದ್ದ ವಿಮಾನ ಕಾಣಲೇ ಇಲ್ಲ. ಒಂದೂವರೆ ನಿಮಿಷ ಕಳೆದರೂ ಟೇಕಾಫ್ ಅನುಮತಿ ಬರದಿದ್ದರೆ ನೀವೇ ಟವರ್‌ಗೆ ನೆನಪಿಸಿ. ಅದೇ ರನ್‌ವೇಗೆ ಬೇರೆಯವರಿಗೆ ಲ್ಯಾಂಡಿಂಗ್ ಕೊಟ್ಟದ್ದು ಕೇಳಿಸಿದರೆ ಒಂದೂವರೆ ನಿಮಿಷವೂ ಕಾಯಬೇಡಿ, ತಕ್ಷಣ ಮಾತಾಡಿ.

ಹಂತ 9: ದಾರಿ ತಪ್ಪಿತು ಅನಿಸಿದರೆ

ಟ್ಯಾಕ್ಸಿವೇಯಲ್ಲಿದ್ದರೆ ಅಲ್ಲೇ ನಿಲ್ಲಿ. "ನನ್ನ ಜಾಗ ಖಚಿತವಿಲ್ಲ" ಎಂದು ಎಟಿಸಿಗೆ ಹೇಳಿ. ಪ್ರೋಗ್ರೆಸಿವ್ ಟ್ಯಾಕ್ಸಿ ಕೇಳಿ, ಅಂದರೆ ಒಂದೊಂದೇ ತಿರುವು ಅವರು ಹೇಳುತ್ತಾ ಕರೆದೊಯ್ಯುವುದು. ಇಲ್ಲವೇ ಮುಂದೆ ಹೋಗಿ ದಾರಿ ತೋರಿಸುವ ಫಾಲೋ-ಮಿ ವಾಹನ ಕೇಳಿ.

ರನ್‌ವೇ ಮೇಲಿದ್ದೇನೆ ಎಂಬ ಅನುಮಾನ ಬಂದರೆ ಮಾತ್ರ ನಿಲ್ಲಬೇಡಿ. ಆ ಮಾತನ್ನು ರೇಡಿಯೋದಲ್ಲಿ ಹೇಳುತ್ತಲೇ ಹತ್ತಿರದ ದಾರಿಯಿಂದ ಹೊರಬನ್ನಿ.

ನಮ್ಮ ಹುಡುಗರು ಇಲ್ಲಿ ತಡ ಮಾಡುವುದು ಸಂಕೋಚಕ್ಕೆ. ಫ್ರೀಕ್ವೆನ್ಸಿಯಲ್ಲಿ ಎಲ್ಲರೂ ಕೇಳಿಸಿಕೊಳ್ಳುತ್ತಾರೆ, ಏನಂದುಕೊಳ್ಳುತ್ತಾರೋ ಎಂದು. ಟವರ್‌ನಲ್ಲಿ ಕೂತವರಿಗೂ ಕತ್ತಲಲ್ಲಿ ನೀವು ಬರೀ ಒಂದು ದೀಪ. ನೀವು ಹೇಳದೆ ಅವರಿಗೆ ತಿಳಿಯದು. ಧೈರ್ಯವಾಗಿ ಕೇಳಿ, ಅದು ನಿಮ್ಮ ಹಕ್ಕು.

ಹಂತ 10: ಇಳಿದ ಮೇಲೆ

ಲ್ಯಾಂಡಿಂಗ್ ಚೆನ್ನಾಗಿ ಆದ ಖುಷಿಯಲ್ಲಿ ಗಮನ ಸಡಿಲವಾಗುತ್ತದೆ, ಸುಮ್ನೆ ಹೇಳುತ್ತಿಲ್ಲ. ರನ್‌ವೇಯಿಂದ ಹೊರಬಂದು, ಇಡೀ ವಿಮಾನ, ಬಾಲ ಸಮೇತ, ಹಳದಿ ಗೆರೆ ದಾಟಿದ ಮೇಲೆ ನಿಲ್ಲಿ. ಸ್ಟ್ರೋಬ್, ಲ್ಯಾಂಡಿಂಗ್ ದೀಪ ಆರಿಸುವುದು, ರೆಕ್ಕೆಯ ಹಿಂಬದಿಯ ಫ್ಲ್ಯಾಪ್ ಎತ್ತುವುದು ಎಲ್ಲ ಆಗಲೇ. ಉರುಳುತ್ತಾ ಸ್ವಿಚ್ ಹುಡುಕಿದರೆ ತಿರುವು ಮಿಸ್ ಆಗುತ್ತದೆ.

ಆಪ್ರಾನ್‌ನಲ್ಲಿ ಬೆಳಕಿನ ಕೋಲು ಹಿಡಿದ ಮಾರ್ಷಲರ್ ಸನ್ನೆ ಮಾಡುತ್ತಾರೆ. ಅವರು ಕಣ್ಣಿಗೆ ಬೀಳದಿದ್ದರೆ, ಸನ್ನೆ ಅರ್ಥವಾಗದಿದ್ದರೆ ನಿಲ್ಲಿ. ಸನ್ನೆ ಸರಿ ಇದ್ದರೂ ರೆಕ್ಕೆ ತಗುಲದಂತೆ ನೋಡುವ ಹೊಣೆ ನಿಮ್ಮದೇ. ಎಂಜಿನ್ ಆರಿಸಿ, ಪ್ರೊಪೆಲರ್ ಪೂರ್ತಿ ನಿಂತ ಮೇಲೆ ಬೀಕನ್ ಆಫ್. ಆಮೇಲೆ ಚಾಕ್, ವಿಮಾನ ಕಟ್ಟುವ ಹಗ್ಗ, ಪಿಟೋ ಕವರ್, ಅಂದರೆ ಗಾಳಿಯ ವೇಗ ಅಳೆಯುವ ಕೊಳವೆಯ ಮುಚ್ಚಳ. ಮಾಸ್ಟರ್ ಸ್ವಿಚ್ ಆರಿದೆಯಾ ಎಂದು ಬಾಗಿಲು ಹಾಕುವ ಮುಂಚೆ ಟಾರ್ಚ್ ಬಿಟ್ಟು ನೋಡಿ.

ದಾರಿಯಲ್ಲಿ ಆರಿಹೋದ ನೀಲಿ ದೀಪ, ಅಳಿಸಿಹೋದ ಗೆರೆ, ಓದಲಾಗದ ಫಲಕ ಕಂಡಿದ್ದರೆ ಟ್ಯಾಕ್ಸಿವೇ ಹೆಸರಿನೊಂದಿಗೆ ಅದೇ ರಾತ್ರಿ ಟವರ್‌ಗೂ ನಿಮ್ಮ ಇನ್‌ಸ್ಟ್ರಕ್ಟರ್‌ಗೂ ತಿಳಿಸಿ.